ಕೇರಂ ಬೋರ್ಡಿನ ಮೇಲೆ ಸುರಿದ ಎಳ್ಳು

ಆ ದಿನ ಮಾಡಿದ ಕೆಲಸಗಳು ಇವು: ಐದೂವರೆಗೆ ಎದ್ದು ನೀರು ತುಂಬಿಸಿದ್ದು. ಬಾಗಿಲ ಮುಂದೆ ಅಂಗೈಯಗಲದ ರಂಗೋಲಿ ಹಾಕಿದ್ದು. ಮೂರನೇ ಮಹಡಿಯ ಮೆಟ್ಟಿಲ ಬಳಿ ಅದಕ್ಕಿಂತ ಜಾಗವಿರಲಿಲ್ಲ. ಸಿಹಿ ಹುಗ್ಗಿ, ಖಾರದ ಹುಗ್ಗಿ ಎರಡನ್ನೂ ಮಾಡಿ ಇವರ ಡಬ್ಬಿಗೆ ಖಾರದ್ದನ್ನು ತುಂಬಿದ್ದು. ಮುಂದಿನ ರೂಮಿನ ಹುಡುಗಿಗೆ ಆಫೀಸಿನ ಗಾಡಿ ಬರುವುದರೊಳಗೆ ಬಿಸಿನೀರು ಕಾಯಿಸಿ ಕೊಟ್ಟದ್ದು. ಮಗಳಿಗೆ ಎರಡು ಜಡೆ ಹೆಣೆದು ಬೆಳಗಿನ ಪಾಳಿಯ ಶಾಲೆಗೆ ಬಿಟ್ಟು ಬಂದದ್ದು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ, ಒಂದೊಂದು ಸಕ್ಕರೆ ಅಚ್ಚು ಇಟ್ಟು ನಲವತ್ತು ಪೊಟ್ಟಣ ಕಟ್ಟಿದ್ದು.

ಇಷ್ಟನ್ನು ಇವರ ಆಫೀಸಿನಲ್ಲಿ ಕೊಡುತ್ತಿದ್ದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಬರೆಯದೆ ಬಿಟ್ಟ ಒಂದು ಕೆಲಸವಿದೆ, ಟೀವಿ ನೋಡಿದ್ದು. ಅದನ್ನು ಕೆಲಸ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ನೆನೆದರೆ ಆ ದಿನ, ಅದರ ಹಿಂದಿನ ಎರಡು ದಿನ, ನಾನು ಬಿಡುವಿಲ್ಲದೆ ಮಾಡಿದ ಕೆಲಸ ಅದೊಂದೇ.

ನಾವು ಲೇಕ್ ಗಾರ್ಡನ್ಸ್‌ನಲ್ಲಿದ್ದೆವು. ಇವರದು ರೈಲ್ವೆ ಕೆಲಸ, ಸಿಯಾಲ್ದಾದಲ್ಲಿ ಆಫೀಸು. ದಿನವೂ ಲೋಕಲ್ ಟ್ರೇನಿನಲ್ಲಿ ಹೋಗಿ ಬರುತ್ತಿದ್ದರು. ಮಗಳಿಗೆ ಆಗ ಹನ್ನೊಂದು ವರ್ಷ. ಮುಂದಿನ ರೂಮನ್ನು ಬೆಂಗಳೂರಿನ ಒಬ್ಬ ಹುಡುಗಿಗೆ ಕೊಟ್ಟಿದ್ದೆವು. ಸಾಲ್ಟ್ ಲೇಕಿನ ಹೊಸ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ. ಅಷ್ಟು ದೂರದಲ್ಲಿ ರೂಮು ಯಾಕೆ ಹಿಡಿದೆ ಎಂದು ಕೇಳಿದರೆ, "ಇಲ್ಲಿ ಸಾರು ಸಿಗುತ್ತಲ್ಲ ಆಂಟಿ" ಅನ್ನುತ್ತಿದ್ದಳು. ಅತ್ತೆ ಮೈಸೂರಿನ ಕಡೆಯಿಂದ ಬಂದು ಇಪ್ಪತ್ತು ದಿನವಾಗಿತ್ತು. ಎಪ್ಪತ್ತು ದಾಟಿದವರು, ಮೊದಲನೇ ಸಲ ಕೊಲ್ಕತ್ತಾ. ಅವರ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚು ಭಾರ ಇದ್ದದ್ದು ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು. ಗಿಳಿ, ಆನೆ, ತುಳಸಿಕಟ್ಟೆ.

ಆ ಚಳಿಗಾಲಕ್ಕೆ ನಮ್ಮ ಕೇಬಲ್‌ನಲ್ಲಿ ದಿನವಿಡೀ ಸುದ್ದಿ ಹೇಳುವ ಬಂಗಾಳಿ ಚಾನೆಲ್‌ಗಳು ಹೊಸದಾಗಿ ಬಂದಿದ್ದವು. ಮೊದಲೆಲ್ಲ ಸುದ್ದಿ ಅಂದರೆ ಊಟದ ಹಾಗೆ. ಹೊತ್ತಿಗೆ ಬಡಿಸಿದರು, ಉಂಡೆವು, ಎದ್ದೆವು. ಈಗ ಅದು ಒಲೆಯಿಂದ ಇಳಿಯುವುದೇ ಇಲ್ಲ, ಯಾವಾಗ ನೋಡಿದರೂ ಕುದಿಯುತ್ತಲೇ ಇರುತ್ತದೆ. ಸಂಕ್ರಾಂತಿಗೆ ಎರಡು ದಿನ ಮುಂಚೆ ಒಂದು ಸುದ್ದಿ ಶುರುವಾಯಿತು. ದೂರದ ಯಾವುದೋ ಜಿಲ್ಲೆಯಲ್ಲಿ ಜನ ಸೇರಿ ಒಬ್ಬ ಹೊರಗಿನ ಹೆಂಗಸನ್ನು ಹೊಡೆದಿದ್ದರು. ಮಕ್ಕಳ ಕಳ್ಳಿ ಅನ್ನುವ ಗುಮಾನಿ. ಬಂಗಾಳಿಯಲ್ಲಿ 'ಛೇಲೇಧೋರಾ' ಅನ್ನುತ್ತಾರೆ, ಮಕ್ಕಳನ್ನು ಹಿಡಿದುಕೊಂಡು ಹೋಗುವವರು ಅಂತ.

ತೋರಿಸಿದ್ದು ಹೆಚ್ಚೆಂದರೆ ಅರ್ಧ ನಿಮಿಷ. ತುಂಬ ಬೆನ್ನುಗಳು, ಮೇಲೆದ್ದ ಒಂದು ಕೈ, ಧೂಳು, ಆಮೇಲೆ ರಸ್ತೆಯ ಮೇಲೆ ಮಗುಚಿ ಬಿದ್ದ ಒಂಟಿ ಚಪ್ಪಲಿ. ಆ ಅರ್ಧ ನಿಮಿಷವನ್ನೇ ಮತ್ತೆ ಮತ್ತೆ. ಕೊಬ್ಬರಿಯ ಕಪ್ಪು ಹೆರೆಯುವಾಗ ನೋಡಿದೆ. ಬೆಲ್ಲ ಹೆಚ್ಚುವಾಗ ನೋಡಿದೆ. ಎಳ್ಳು ಕೇರುತ್ತ ಮೊರದಿಂದ ಕಣ್ಣೆತ್ತಿದಾಗಲೆಲ್ಲ ಆ ಕೈ ಮೇಲೆದ್ದೇ ಇರುತ್ತಿತ್ತು. ಹತ್ತನೇ ಸಲಕ್ಕೆ, ಒಬ್ಬಳಲ್ಲ ಹತ್ತು ಜನ ಕಳ್ಳಿಯರು ಸಿಕ್ಕಿಬಿದ್ದಿದ್ದಾರೆ ಅನ್ನಿಸತೊಡಗಿತ್ತು ನನಗೆ. ಆ ಹೆಂಗಸು ನಿಜಕ್ಕೂ ಮಗುವನ್ನು ಮುಟ್ಟಿದ್ದಳೇ, ಬದುಕಿದ್ದಾಳೆಯೇ, ಅದನ್ನೆಲ್ಲ ಅವರು ಹೇಳಿದರೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ನನ್ನ ಕಿವಿಗೆ ಬಿದ್ದಿಲ್ಲ. ನನಗಿದ್ದ ಯೋಚನೆ ಒಂದೇ, ಮಗಳ ಶಾಲೆ ಬಿಡುವುದು ಹನ್ನೆರಡಕ್ಕೆ. ಹನ್ನೊಂದೂವರೆಗೇ ಹೋಗಿ ಗೇಟಿನ ಮುಂದೆ ನಿಲ್ಲತೊಡಗಿದೆ. ಎಲ್ಲ ತಾಯಂದಿರೂ ಅಷ್ಟು ಹೊತ್ತಿಗೇ ಬಂದಿರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿ ಇನ್ನಷ್ಟು ಹೆದರುತ್ತಿದ್ದೆವು.

ಕೆಳಗಿನ ಮನೆಯಲ್ಲಿ ಒಬ್ಬ ಬೌದಿ ಇದ್ದರು. ಬೌದಿ ಅಂದರೆ ಅತ್ತಿಗೆ. ಅಲ್ಲಿ ಮದುವೆಯಾದ ಹೆಂಗಸರೆಲ್ಲ ಒಬ್ಬರಿಗೊಬ್ಬರು ಬೌದಿಯರೇ. ನೀರಿನ ಪಂಪಿನ ಸ್ವಿಚ್ಚು ಇದ್ದದ್ದು ಅವರ ಮನೆಯಲ್ಲಿ. ಹಾಗಾಗಿ ಬಿಲ್ಡಿಂಗಿನ ಸುದ್ದಿಯೆಲ್ಲ ಅಲ್ಲೇ ಕೆಳಗೆ ತುಂಬಿ, ಆಮೇಲೆ ಮೇಲಕ್ಕೆ ಏರುತ್ತಿತ್ತು. ಮೊದಲ ದಿನವೇ ಪಂಪು ಹಾಕಿಸಲು ಹೋದಾಗ ಬಾಗಿಲಲ್ಲಿ ನಿಂತು ಮಾತಾಡಿದೆವು.

"ನೋಡಿದಿರಾ ಬೌದಿ?" ಅಂದೆ.

"ನೋಡದೆ? ರಾತ್ರಿ ಕಣ್ಣು ಮುಚ್ಚಿದರೆ ಅದೇ."

"ಮಿಠಾಯಿ ಕೊಟ್ಟು ಕರೀತಾರಂತೆ ಮಕ್ಕಳನ್ನ."

"ಅಯ್ಯೋ ಮಾ! ಮಿಠಾಯೀನಾ?"

"ಹ್ಞೂಂ. ತಿಂದ ಕೂಡಲೇ ಮಕ್ಕಳಿಗೆ ಮಂಪರು ಬರುತ್ತಂತೆ."

"ನೋಡೋಕೆ ಒಳ್ಳೆ ಮನೆಯವರ ಥರಾನೇ ಇರ್ತಾರೆ ಕಣ್ರೀ ಇವರೆಲ್ಲ," ಅಂದರು ಬೌದಿ. "ಅಜ್ಜಿ ಥರ, ಮಾಸಿಮಾ ಥರ. ಇಲ್ಲದಿದ್ರೆ ಮಕ್ಕಳು ಹತ್ರ ಯಾಕೆ ಹೋಗ್ತಾವೆ?"

ಮಾಸಿಮಾ ಅಂದರೆ ದೊಡ್ಡಮ್ಮ, ಚಿಕ್ಕಮ್ಮ. ಅಷ್ಟು ಮಾತಾಡಿ ಮೇಲೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಅದೇ ಮಾತನ್ನು ಶಾಲೆಯ ಗೇಟಿನಲ್ಲೂ ಆಡಿದೆ. ನಮ್ಮ ಕನ್ನಡದ ಮನೆಗಳ ಇಬ್ಬರು ಮೂವರಿಗೆ ಫೋನ್ ಮಾಡಿ, "ಹುಷಾರು ಕಣ್ರೀ" ಅಂತಲೂ ಹೇಳಿದೆ. ಹೇಳಿ ಮುಗಿದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಹಾಗೆ ಹಗುರಾಗುತ್ತಿತ್ತು.

ಸಂಕ್ರಾಂತಿಯ ದಿನ ನಮ್ಮ ಕಡೆ ಎಳ್ಳು ಬೀರಬೇಕು. ಹೆಣ್ಣುಮಕ್ಕಳಿಗೆ ರೇಷ್ಮೆ ಲಂಗ ಉಡಿಸಿ, ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟು ಮನೆ ಮನೆಗೆ ಕಳಿಸುವುದು. ಅತ್ತೆಗೆ ಮನೆಗಳು ಸಾಲುತ್ತಿರಲಿಲ್ಲ. ಊರಿನಲ್ಲಿ ಬೀದಿಯಲ್ಲಿ ಸಿಕ್ಕ ಮಕ್ಕಳಿಗೆಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಅಮ್ಮನ ಸೊಂಟದ ಮೇಲಿದ್ದ ಕೂಸಿಗೂ, ಗುರುತು ಪರಿಚಯ ಕೇಳದೆ ಎಳ್ಳು ಕೊಟ್ಟೇ ಮನೆಗೆ ಬರುವವರು. ಇಲ್ಲಿಗೆ ಬಂದ ಮೇಲೂ ಮೀನು ಮಾರುವವನ ಹತ್ತಿರ, ಕಸ ಗುಡಿಸುವವಳ ಹತ್ತಿರ ಕನ್ನಡದಲ್ಲೇ ಮಾತು. ನಾನು ನಕ್ಕರೆ, "ಭಾಷೆ ಬರದಿದ್ರೆ ಏನಂತೆ? ನಾನೇನು ಅವರತ್ರ ಕೋರ್ಟಲ್ಲಿ ವಾದ ಮಾಡ್ಬೇಕಾ?" ಅನ್ನುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳನ್ನು ಹೊರಡಿಸಲು ನೋಡಿದರು.

"ಏಳು ಪುಟ್ಟಿ, ಲಂಗ ಹಾಕ್ಕೋ. ನಾಲ್ಕು ಮನೆಗೆ ಹೋಗ್ಬಿಟ್ಟು ಬರೋಣ."

"ನೋ ಅಜ್ಜಿ, ಪ್ಲೀಸ್. ಅಮ್ಮಾನೇ ಹೇಳಿದ್ದು, ಹೊರಗೆ ಹೋಗ್ಬಾರ್ದು ಅಂತ. ಕಿಡ್‌ನ್ಯಾಪ್ ಮಾಡ್ತಾರೆ."

"ನಿನ್ನ ಹಿಡ್ಕೊಂಡು ಹೋದ್ರೆ ಮೂರನೇ ದಿನ ಅವರೇ ತಂದು ಬಿಟ್ಟು ಹೋಗ್ತಾರೆ ಕಣೆ. ನಿಂಗೆ ಊಟ ಮಾಡ್ಸೋಕೆ ಯಾರ ಕೈಲಾಗುತ್ತೆ?"

ಮಗಳು ನಗಲಿಲ್ಲ. ನಾನು ನಡುವೆ ಬಾಯಿ ಹಾಕಿ, "ಸಂಜೆ ಇವರು ಬರಲಿ ಅತ್ತೆ, ಟ್ಯಾಕ್ಸೀಲಿ ಎಲ್ಲರೂ ಸೇರಿ ನಮ್ಮೋರ ಮನೆಗಳಿಗೆ ಹೋಗೋಣ" ಅಂದೆ. "ಆಯ್ತಮ್ಮ" ಅಂದರು. ಅವರು "ಆಯ್ತಮ್ಮ" ಅಂದರೆ ಆಗಲಿಲ್ಲ ಎಂದೇ ಅರ್ಥ. ಮದುವೆಯಾಗಿ ಹದಿನೈದು ವರ್ಷವಾಗಿದ್ದ ನನಗೆ ಅದು ತಿಳಿದಿರಬೇಕಿತ್ತು.

ಟೀವಿಯ ದನಿ ಸಣ್ಣಗೆ ಮಾಡಿಟ್ಟು ಅಲ್ಲೇ ಚಾಪೆಯ ಮೇಲೆ ಅಡ್ಡಾದೆ. ಎಚ್ಚರವಾದಾಗ ನಾಲ್ಕು ಗಂಟೆ ಹತ್ತು ನಿಮಿಷ. ಬಾಗಿಲ ಬಳಿ ಅತ್ತೆಯ ಚಪ್ಪಲಿ ಇರಲಿಲ್ಲ. ಮೊಳೆಗೆ ನೇತು ಹಾಕಿದ್ದ ಬಟ್ಟೆಚೀಲ ಇರಲಿಲ್ಲ. ಡಬ್ಬದಲ್ಲಿ ಪೊಟ್ಟಣಗಳು ಅರ್ಧಕ್ಕಿಂತ ಕಮ್ಮಿ.

"ಅಜ್ಜಿ ಎಲ್ಲೇ?"

"ಹೋದ್ರು. ನಾನು ಹೇಳ್ದೆ. ಕೇಳಲಿಲ್ಲ."

"ಯಾವಾಗ?"

"ಎಷ್ಟೊತ್ತೋ ಆಯ್ತು. ನೀನು ಗೊರಕೆ ಹೊಡೀತಿದ್ದೆ."

ಬಾಗಿಲು ಹಾಕಿಕೋ, ಯಾರು ಬಂದರೂ ತೆಗೆಯಬೇಡ ಎಂದು ಹೇಳಿ ಇಳಿದೆ. ಎರಡನೇ ಮಹಡಿಯ ತಿರುವಿನಲ್ಲಿ ಕಾಲು ತಾನಾಗಿ ನಿಂತುಬಿಟ್ಟಿತು. ಗುರುತಿಲ್ಲದ ಹೆಂಗಸು. ವಯಸ್ಸಾದವಳು, ನೋಡಲು ಒಳ್ಳೆಯ ಮನೆಯವಳು. ಕೈಯಲ್ಲಿ ಚೀಲ, ಚೀಲದಲ್ಲಿ ಸಿಹಿ. ಮಕ್ಕಳನ್ನು ಹತ್ತಿರ ಕರೆಯುತ್ತಾಳೆ. ಮೂರು ದಿನದಿಂದ ನಾನು ಸಿಕ್ಕಿದವರಿಗೆಲ್ಲ ವರ್ಣಿಸಿದ್ದು ಯಾರನ್ನು?

ಉಳಿದ ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ತಿಳಿಯದು.

ರೈಲು ಹಳಿಯ ಪಕ್ಕದಲ್ಲಿ ಒಂದು ಸಣ್ಣ ಬಯಲು, ಅದರ ಅಂಚಿಗೆ ನಮ್ಮ ಪಾಡಾದ, ಅಂದರೆ ನಮ್ಮ ಬೀದಿಗಳವರ, ಒಂದು ರೂಮಿನ ಕ್ಲಬ್ಬು. ಸಂಜೆ ಹೊತ್ತು ಮಕ್ಕಳೆಲ್ಲ ಅಲ್ಲೇ ಆಡುತ್ತಿದ್ದರು. ಜನವರಿಯ ಬಿಸಿಲು ಅಲ್ಲಿ ನಾಲ್ಕೂವರೆಗೇ ಕೆಂಪಗಾಗಿ ಸೋತುಹೋಗುತ್ತದೆ. ಆ ಬೆಳಕಿನಲ್ಲಿ ಕ್ಲಬ್ಬಿನ ಮುಂದೆ ಬೆನ್ನುಗಳು ಕಂಡವು. ಮೂವತ್ತು ಜನ ಇದ್ದಿರಬಹುದು. ಕೂಗಾಟವಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ಬಯಲಿನ ನಡುವೆ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ಕಂದು ಬಣ್ಣದ್ದು, ಎಡಗಾಲಿನದು, ಮಂಡಿನೋವಿಗೆ ಮೆತ್ತಗಿರಲಿ ಎಂದು ನಾನೇ ಕೊಡಿಸಿದ್ದು. ಮೊದಲು ಅದನ್ನು ಎತ್ತಿಕೊಂಡೆ. ಜನರ ಕಡೆ ಓಡುವುದು ಬಿಟ್ಟು ಚಪ್ಪಲಿ ಯಾಕೆ ಎತ್ತಿಕೊಂಡೆ ಎಂದು ಈಗಲೂ ನನಗೆ ಗೊತ್ತಿಲ್ಲ.

ಅತ್ತೆ ಕ್ಲಬ್ಬಿನ ಮುಂದಿನ ಸಿಮೆಂಟು ಜಗಲಿಯ ಮೇಲೆ ಕೂತಿದ್ದರು. ಕನ್ನಡಕ ಇರಲಿಲ್ಲ. ಸ್ವೆಟರ್ ಹಾಕಿದ ಒಬ್ಬ ಗಂಡಸು ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಅತ್ತೆ ಅವನಿಗೆ ಸಮಾಧಾನದಿಂದಲೇ ಕನ್ನಡದಲ್ಲಿ ಹೇಳುತ್ತಿದ್ದರು, "ಬಿಡಪ್ಪಾ, ನೋಯುತ್ತೆ. ಮಂಡಿ ಹಿಡ್ಕೊಂಡಿದೆ, ನಾನೆಲ್ಲಿ ಓಡಿ ಹೋಗ್ಲಿ?"

ಚೀಲವನ್ನು ಕೇರಂ ಬೋರ್ಡಿನ ಮೇಲೆ ಸುರಿದಿದ್ದರು. ನಾನು ಬೆಳಗ್ಗೆ ಕಟ್ಟಿದ ಪೊಟ್ಟಣಗಳೆಲ್ಲ ಬಿಚ್ಚಿದ್ದವು. ಒಬ್ಬ ಸಕ್ಕರೆ ಗಿಳಿಯ ಕತ್ತು ಮುರಿದು ಮೂಸಿ, ಪಕ್ಕದವನ ಮೂಗಿಗೆ ಹಿಡಿದ. ಅತ್ತ ಒಬ್ಬ ತಾಯಿ ನಾಲ್ಕು ವರ್ಷದ ಹೆಣ್ಣುಮಗುವಿನ ಬಾಯಿಗೆ ಬೆರಳು ಹಾಕಿ ಕಕ್ಕಿಸುತ್ತಿದ್ದಳು. ಮಗು ಉಸಿರು ಕಟ್ಟಿ ಅಳುತ್ತಿತ್ತು. ಗಲ್ಲದ ಮೇಲೆ ಕೊಬ್ಬರಿಯ ಚೂರು.

ಹದಿನಾಲ್ಕು ವರ್ಷ ಆ ಊರಿನಲ್ಲಿದ್ದು ತರಕಾರಿಯಿಂದ ಡಾಕ್ಟರವರೆಗೆ ಎಲ್ಲವನ್ನೂ ನಿಭಾಯಿಸುವಷ್ಟು ಬಂಗಾಳಿ ಕಲಿತಿದ್ದೆ. ಆ ಹೊತ್ತಿಗೆ ಒಂದು ಪದವೂ ಬಾಯಿಗೆ ಬರಲಿಲ್ಲ. "ಬಿಡ್ರೋ ಅವರನ್ನ!" ಎಂದು ಕನ್ನಡದಲ್ಲೇ ಕಿರುಚಿದೆ.

ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು.

"ಇವಳೂ ಅದೇ ಭಾಷೆ," ಯಾರೋ ಅಂದರು. "ಜೊತೆಯವಳು."

ಜನ ಒಂದು ಹೆಜ್ಜೆ ಸರಿದು ನನಗೆ ದಾರಿ ಬಿಟ್ಟರು, ನಾನು ಒಳಗೆ ಹೋದ ಮೇಲೆ ಆ ದಾರಿ ಮುಚ್ಚಿಕೊಂಡಿತು. ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದೆ. ಆಗ ನೆನಪಾಗಿ ಬಂದ ಬಂಗಾಳಿಯನ್ನೆಲ್ಲ ಒಟ್ಟುಮಾಡಿ, ಇವರು ನನ್ನ ಅತ್ತೆ, ಇದು ನಮ್ಮ ಹಬ್ಬ, ಇದು ಎಳ್ಳು, ಎಂದು ಒಂದಕ್ಕೊಂದು ಹೊಂದದ ಹಾಗೆ ಹೇಳಿದೆ. ಹಿಂದಿನಿಂದ ಒಬ್ಬರು, "ಇವರು ಮೂರನೇ ಮಹಡಿಯ ಮದ್ರಾಸಿ ಬೌದಿ ಅಲ್ವಾ?" ಅಂದರು. ಅಲ್ಲಿಯವರಿಗೆ ನಾವೆಲ್ಲ ಮದ್ರಾಸಿಗಳೇ. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದೆ.

"ಯಾವ ಮಹಡಿಯಾದ್ರೇನು? ಅವರೇ ತಿಂದು ತೋರಿಸಲಿ," ಅಂದ ಗಿಳಿಯ ಕತ್ತು ಮುರಿದವನು.

ಕೇರಂ ಬೋರ್ಡಿನಿಂದ ಒಂದು ಮುಷ್ಟಿ ಎತ್ತಿ ಬಾಯಿಗೆ ಹಾಕಿಕೊಂಡೆ. ಬೋರ್ಡಿಗೆ ಹಚ್ಚುವ ಪೌಡರು ಎಳ್ಳಿಗೆ ಮೆತ್ತಿಕೊಂಡು ಸುಣ್ಣದ ಹಾಗೆ ನಾಲಿಗೆಗೆ ಹತ್ತಿತು. ಮೂವತ್ತು ಜನ ನನ್ನ ದವಡೆಯನ್ನೇ ನೋಡುತ್ತಿದ್ದರು. ಬಾಯಲ್ಲಿ ಜೊಲ್ಲೇ ಇಲ್ಲ. ಅಗಿದಷ್ಟೂ ಕೊಬ್ಬರಿ ನಾರಾಗುತ್ತಿತ್ತು. ಗಂಟಲಲ್ಲಿ ಎಳ್ಳು ಸಿಕ್ಕಿ ಕೆಮ್ಮು ಬಂತು. ಕೆಮ್ಮಿದರೆ ಇವರು ಏನು ತಿಳಿದಾರೋ ಎಂದು ಅದನ್ನೂ ಸೇರಿಸಿ ನುಂಗಿದೆ. ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ಮುಷ್ಟಿ ಎತ್ತಿಕೊಂಡೆ.

ಅಷ್ಟರಲ್ಲಿ ಕೆಳಗಿನ ಮನೆಯ ಬೌದಿಯ ಗಂಟಲು ಕೇಳಿಸಿತು. ನೈಟಿಯ ಮೇಲೆ ಶಾಲು ಹೊದ್ದು ಜನರನ್ನು ಮೊಣಕೈಯಿಂದ ತಳ್ಳುತ್ತ ಬಂದರು. "ತಲೆ ಕೆಟ್ಟಿದೆಯಾ ನಿಮಗೆ? ಇವರು ನಮ್ಮ ಬಿಲ್ಡಿಂಗಿನವರು! ಆ ಮುದುಕಮ್ಮನಿಗೆ ದಿನಾ ಚಹಾ ಕೊಡೋಳು ನಾನು! ಕೈ ಬಿಡೋ ಮೊದಲು!"

ಸ್ವೆಟರಿನವನು ಕೈ ಬಿಟ್ಟ. ಒಂದೇ ಕ್ಷಣದಲ್ಲಿ ಆ ಜನ ಮತ್ತೆ ನಮ್ಮ ಬೀದಿಯ ಜನವಾದರು. ಔಷಧಿ ಅಂಗಡಿಯವನು ಅಲ್ಲಿದ್ದ. ಇಸ್ತ್ರಿ ಮಾಡುವವನಿದ್ದ. ಶಾಲೆಯ ಗೇಟಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಒಬ್ಬ ತಾಯಿಯೂ ಇದ್ದಳು. ಇಷ್ಟು ಹೊತ್ತು ಅವಳು ನನಗೆ ಕಂಡಿರಲಿಲ್ಲ, ಅವಳಿಗೂ ನಾನು ಕಂಡಿರಲಿಲ್ಲವೋ ಏನೋ. ಯಾರೋ ಕನ್ನಡಕ ಹುಡುಕಿ ತಂದುಕೊಟ್ಟರು, ಒಂದು ಕಡ್ಡಿ ಮುರಿದಿತ್ತು. ಇನ್ಯಾರೋ ಮಣ್ಣಿನ ಲೋಟದಲ್ಲಿ ಚಹಾ ತರಿಸಿದರು. ಸ್ವೆಟರಿನವನು ಅತ್ತೆಯ ಮುಂದೆ ಬಗ್ಗಿ, "ತಪ್ಪು ತಿಳ್ಕೋಬೇಡಿ ಮಾಸಿಮಾ, ಕಾಲ ಹಾಗಿದೆ" ಅಂದ. ಆಮೇಲೆ ನನ್ನ ಕಡೆ ತಿರುಗಿ, ಗದರುವ ದನಿಯಲ್ಲಿ, "ಇವರನ್ನ ಒಬ್ಬರನ್ನೇ ಯಾಕೆ ಕಳಿಸಿದ್ರಿ? ಟೀವಿ ನೋಡಲ್ವಾ ನೀವು?" ಅಂದ.

ಅಲ್ಲಿಂದ ಏಳುವುದರೊಳಗೆ ಕ್ಯಾಮೆರಾ ಬಂತು. ಕೇಬಲ್‌ನವನದೇ ಒಂದು ಲೋಕಲ್ ಚಾನೆಲ್ ಇತ್ತು. ಪೂಜೆಯ ಪಂಡಾಲು, ಸೀರೆ ಅಂಗಡಿ ಜಾಹೀರಾತು, ಸಂಜೆ ಏಳಕ್ಕೆ ಹದಿನೈದು ನಿಮಿಷ ನಮ್ಮ ಸುತ್ತಮುತ್ತಲಿನ ಸುದ್ದಿ. ಯಾರೋ ಆಗಲೇ ಫೋನ್ ಮಾಡಿಬಿಟ್ಟಿದ್ದರು. ಕ್ಯಾಮೆರಾದವನು ಜಗಲಿ ತೆಗೆದ, ಕೇರಂ ಬೋರ್ಡು ತೆಗೆದ, ಅತ್ತೆಯ ಮುಖಕ್ಕೆ ಬಂದ. ನಾನು ಸೆರಗು ಎಳೆದು ಅತ್ತೆಯ ಮುಖ ಮುಚ್ಚಿದೆ. ಅದಕ್ಕಿಂತ ದೊಡ್ಡ ತಪ್ಪು ಇರಲಿಲ್ಲ.

ಏಳು ಗಂಟೆಗೆ ಅದನ್ನೇ ಮೊದಲು ತೋರಿಸಿದರು: ಸೆರಗಿನೊಳಗೆ ಮುಖ ಮುಚ್ಚಿಕೊಂಡ ಒಬ್ಬ ಹೆಂಗಸು, ಅವಳನ್ನು ಅಡಗಿಸುತ್ತಿರುವ ಇನ್ನೊಬ್ಬಳು. ಕೆಳಗೆ ಕೆಂಪು ಪಟ್ಟಿಯಲ್ಲಿ, 'ಲೇಕ್ ಗಾರ್ಡನ್ಸ್‌ನಲ್ಲಿ ಛೇಲೇಧೋರಾ ಗದ್ದಲ'. ಗುಮಾನಿ ಸುಳ್ಳಾಯಿತು ಎಂದು ಕೊನೆಯಲ್ಲಿ ಒಂದು ಮಾತು ಹೇಳಿದರು. ಅದನ್ನು ಹೇಳುವ ಹೊತ್ತಿಗೆ ಸೀರೆ ಅಂಗಡಿಯ ಸಂಗೀತ ಶುರುವಾಗಿತ್ತು. ಅತ್ತೆ ಕನ್ನಡಕವನ್ನು ಕೈಯಿಂದ ಹಿಡಿದುಕೊಂಡು ನೋಡಿದರು. "ಸದ್ಯ, ಮುಖ ಕಾಣಲಿಲ್ಲ. ತಲೆ ಬಾಚಿರಲಿಲ್ಲ ನಾನು," ಅಂದರು. ಮಣಿಕಟ್ಟಿನಲ್ಲಿ ನಾಲ್ಕು ಬೆರಳು ನೀಲಿಯಾಗಿ ಎದ್ದಿದ್ದವು.

ಇವರು ಏಳೂವರೆಗೆ ಬಂದರು. ಬೂಟು ಬಿಚ್ಚುತ್ತಲೇ ಶುರು.

"ಗೊತ್ತಾಯ್ತಾ? ನಮ್ಮ ಏರಿಯಾದಲ್ಲೇ ಒಬ್ಬಳು ಸಿಕ್ಕಿಬಿದ್ದಳಂತೆ. ಟ್ರೇನ್ ತುಂಬ ಅದೇ ಮಾತು. ಚೀಲದಲ್ಲಿ ಮದ್ದು ಹಾಕಿದ ಮಿಠಾಯಿ ಇತ್ತಂತೆ. ನಾಲ್ಕು ಮಕ್ಕಳು ಎಚ್ಚರ ತಪ್ಪಿ ಆಸ್ಪತ್ರೇಲಿದಾವಂತೆ."

ಅತ್ತೆ ಮಣಿಕಟ್ಟನ್ನು ಸೆರಗಿನಿಂದ ಮುಚ್ಚಿಕೊಂಡರು, ಇವರು ಮುಂದುವರಿಸಿದರು.

"ಚೆನ್ನಾಗಿ ಬಡಿದರಂತೆ. ಬಡೀಬೇಕು ಇಂಥವರನ್ನ."

"ಬಡೀಲಿಲ್ಲ ಕಣೋ," ಅಂದರು ಅತ್ತೆ. "ಕೈ ಹಿಡ್ಕೊಂಡಿದ್ರು ಅಷ್ಟೆ."

ಇವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮನ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದರು. ಆಮೇಲೆ ಒಂದು ಬೂಟನ್ನು ಕಾಲಲ್ಲೇ ಇಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು. ತಾವು ಈಗಷ್ಟೆ ಆಡಿದ ಮಾತನ್ನು ಎಲ್ಲಿ ಇಡುವುದು ಎಂದು ಅವರಿಗೆ ತೋಚುತ್ತಿರಲಿಲ್ಲ.

ಎಂಟಕ್ಕೆ ಮುಂದಿನ ರೂಮಿನ ಹುಡುಗಿ ಬಂದಳು. ಸಾಲ್ಟ್ ಲೇಕಿನ ಅವಳ ಆಫೀಸಿಗೂ ಮೆಸೇಜ್ ಮುಟ್ಟಿತ್ತು. ಮೊಬೈಲ್ ತೋರಿಸಿದಳು. ಮುದುಕಿಯೊಬ್ಬಳು ಬಿಳಿ ಕಾಳು, ಕಂದು ಚೂರು ಕೊಡುತ್ತಾಳೆ, ಗಿಳಿಯಾಕಾರದ ಮಿಠಾಯಿ ಕೊಡುತ್ತಾಳೆ, ಮಕ್ಕಳನ್ನು ಹೊರಗೆ ಬಿಡಬೇಡಿ, ಎಲ್ಲರಿಗೂ ಕಳಿಸಿ. ನಾನು ಬಿಸಿಲಲ್ಲಿ ಒಣಗಿಸಿ, ಕೇರಿ, ಹೆಚ್ಚಿದ ಒಂದೊಂದು ಪದಾರ್ಥವೂ ಅದರಲ್ಲಿತ್ತು.

"ಗಿಳಿ ನೋಡಿದ ಕೂಡಲೇ ಗೊತ್ತಾಯ್ತು ಆಂಟಿ. ಅದು ನಮ್ಮನೆ ಅಜ್ಜಿ, ಅದು ಸಂಕ್ರಾಂತಿ ಎಳ್ಳು ಅಂತ ಎಲ್ರಿಗೂ ರಿಪ್ಲೈ ಹಾಕ್ದೆ."

"ಏನಂದ್ರು?"

"ಓಹ್ ಅಂದ್ರು. ನಂದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡ್ಲಿಲ್ಲ."

ಒಳಗೆ ಅತ್ತೆ ಮಗಳ ಹತ್ತಿರ ಕೇಳುತ್ತಿದ್ದರು, "ಅಲ್ಲಾ ಪುಟ್ಟಿ, ಕಳ್ಳರು ಮಿಠಾಯಿ ಕೊಡ್ತಾರೆ ಅಂತ ಟೀವೀಲಿ ಹೇಳಿದ್ರಾ?" ಮಗಳು ಯೋಚಿಸಿ, "ಇಲ್ಲ ಅಜ್ಜಿ. ಐ ಥಿಂಕ್ ಅಮ್ಮ ಹೇಳಿದ್ದು" ಅಂದಳು.

ಒಲೆಯ ಮುಂದೆ ನಿಂತಿದ್ದ ನಾನು ಸೌಟು ಕೆಳಗಿಟ್ಟೆ. ಮೂರು ದಿನದ ಆ ಅರ್ಧ ನಿಮಿಷವನ್ನು ಮತ್ತೆ ಮನಸ್ಸಿನಲ್ಲಿ ಓಡಿಸಿ ನೋಡಿದೆ. ಬೆನ್ನುಗಳಿದ್ದವು, ಕೈ ಇತ್ತು, ಚಪ್ಪಲಿ ಇತ್ತು. ಮಿಠಾಯಿ ಎಲ್ಲೂ ಇರಲಿಲ್ಲ. ಮಿಠಾಯಿ ಇದ್ದದ್ದು ನಮ್ಮಮ್ಮ ಹೇಳುತ್ತಿದ್ದ ಕಥೆಯಲ್ಲಿ. ಗೋಣಿಚೀಲದವನು ಬರುತ್ತಾನೆ, ಮಿಠಾಯಿ ಕೊಡುತ್ತಾನೆ, ತಿಂದ ಮಕ್ಕಳಿಗೆ ಮಂಪರು ಬರುತ್ತದೆ, ಚೀಲಕ್ಕೆ ತುಂಬಿಕೊಂಡು ಹೋಗುತ್ತಾನೆ. ಪಂಪಿನ ಬಾಗಿಲಲ್ಲಿ ನಿಂತು ಅದನ್ನು ಇದಕ್ಕೆ ಬೆರೆಸಿದವಳು ನಾನು.

ಒಲೆ ಆರಿಸಿ ಕೆಳಗೆ ಹೋದೆ. ಬೌದಿ ಹಬ್ಬದ ಪಿಠೆ ಮಾಡುತ್ತಿದ್ದರು. ಕಾವಲಿಯ ಮೇಲೆ ಹಿಟ್ಟು ಹರಡಿ, ಒಳಗೆ ಕೊಬ್ಬರಿ ಬೆಲ್ಲದ ಹೂರಣ ಇಟ್ಟು ಸುರುಳಿ ಸುತ್ತುತ್ತಿದ್ದರು.

"ಬೌದಿ, ಒಂದು ಮಾತು. ಆ ಮಿಠಾಯಿ ವಿಷಯ ಟೀವೀಲಿ ಬಂದಿರಲಿಲ್ಲ. ನಾನು ಸೇರಿಸಿ ಹೇಳಿದ್ದು. ನೀವು ಯಾರ್ಯಾರಿಗೆ ಹೇಳಿದೀರೋ ಅವರಿಗೆಲ್ಲ ಹಾಗಲ್ಲ ಅಂತ ಹೇಳಿಬಿಡಿ."

ಬೌದಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. ಕನಿಕರದಿಂದ ನೋಡಿದರು.

"ಪಾಪ, ಹೆದರಿ ನಿಮಗೆ ಏನೇನೋ ಆಗಿದೆ. ನೀವು ಯಾಕೆ ಸೇರಿಸ್ತೀರಿ? ಟೀವೀಲೇ ಬಂತಲ್ಲ. 'ಮಿಠಾಯಿ ಕೊಟ್ಟಳು' ಅಂತ. ನಾನೇ ಕಣ್ಣಾರೆ ನೋಡಿದೆ."

"ಇಲ್ಲ ಬೌದಿ..."

"ಕೈಯಲ್ಲಿ ಮಿಠಾಯಿ ಪೊಟ್ಟಣ ಹಿಡಿದಿದ್ದಳು ಅವಳು. ನೀಲಿ ಕಾಗದದ್ದು. ನಿಮಗೆ ನೆನಪಿಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನಗೂ ನೀಲಿ ಕಾಗದ ಕಂಡ ಹಾಗಾಯಿತು. ಬೌದಿ ಒಂದು ಬಟ್ಟಲಿನಲ್ಲಿ ಐದು ಪಿಠೆ ಹಾಕಿ, ತಟ್ಟೆ ಮುಚ್ಚಿ ಕೈಗೆ ಕೊಟ್ಟರು. "ಬಿಸಿ ಇರುವಾಗಲೇ ತಿನ್ನಿಸಿ ಮುದುಕಮ್ಮನಿಗೆ."

ಮೇಲೆ ಬಂದು ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆಗೆ ಹೇಳಿಬಿಟ್ಟೆ. "ಅತ್ತೆ, ಮಿಠಾಯಿ ಕೊಟ್ಟು ಕರೀತಾರೆ ಅಂತ ಊರಿಗೆಲ್ಲ ಹೇಳಿದ್ದು ನಾನು."

ಅವರು ಮಣಿಕಟ್ಟಿಗೆ ಅರಿಶಿನದೆಣ್ಣೆ ಸವರಿಕೊಳ್ಳುತ್ತಿದ್ದರು. ಬೆರಳಿನ ಗುರುತು ಒಂದೊಂದಕ್ಕೂ ಸವರಿ ಮುಗಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗೋಣಿಚೀಲದವನ ಕಥೆ," ಅಂದರು. "ನಾನೂ ಹೇಳ್ತಿದ್ದೆ. ಇವನು ಉಣ್ತಾನೇ ಇರ್ಲಿಲ್ಲ. ಅದನ್ನ ಹೇಳಿದ್ರೆ ಮಾತ್ರ ಬಾಯಿ ತೆಗೀತಿದ್ದ." ಮೂಲೆಯ ಕುರ್ಚಿಯಲ್ಲಿದ್ದ ಮಗನ ಕಡೆ ನೋಡಿದರು. ಎಣ್ಣೆಯ ಬಟ್ಟಲು ಮುಚ್ಚಿಟ್ಟು, "ನಾಳೆ ಆ ಮಗು ಮನೆಗೆ ಹೋಗ್ಬೇಕಮ್ಮ. ಗಂಟಲೆಲ್ಲ ಗೀರಿರುತ್ತೆ ಪಾಪ. ಬರಿಗೈಲಿ ಹೋಗೋಕಾಗಲ್ಲ" ಅಂದರು.

"ಎಳ್ಳು ಬೇಡಮ್ಮ," ಅಂದರು ಇವರು, ಕುರ್ಚಿಯಿಂದಲೇ.

"ಬೀರದೆ ಉಳಿಸ್ಕೊಬಾರ್ದು ಕಣೋ ಎಳ್ಳನ್ನ."

"ಬೇಡ ಅಂದೆನಲ್ಲ. ಹೊರಗೇ ಹೋಗ್ಬೇಡ ನೀನು."

"ನಾನು ಜೊತೇಲಿ ಹೋಗ್ತೀನಿ," ಅಂದೆ. ಹೇಳುವಾಗ ಧೈರ್ಯವಿರಲಿಲ್ಲ. ಆ ಮನೆಯ ಬಾಗಿಲು ತಟ್ಟಿದಾಗ ತೆರೆಯುವ ಮುಖ ಯಾವುದು, ಸಂಜೆಯ ಸುದ್ದಿಯಲ್ಲಿ ಕೊನೆಯ ಮಾತಿನವರೆಗೂ ಕೂತು ಕೇಳಿದವರದೋ, ಮೊದಲ ಚಿತ್ರ ನೋಡಿ ಎದ್ದು ಹೋದವರದೋ, ಅದು ನನಗೆ ಗೊತ್ತಿರಲಿಲ್ಲ.

ರಾತ್ರಿಗೆ ಅನ್ನ, ತಿಳಿಸಾರು, ಬೆಳಗಿನ ಸಿಹಿ ಹುಗ್ಗಿ. ಹುಡುಗಿ ಎರಡು ಸಲ ಸಾರು ಹಾಕಿಸಿಕೊಂಡಳು. ಇವರು ಅರ್ಧಕ್ಕೇ ಎದ್ದರು. ಕೊನೆಗೆ ಬೌದಿಯ ಪಿಠೆ ಬಡಿಸಿದೆ. ಮಗಳು ತನ್ನ ಪಾಲಿನದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸಿದಳು, ಹಾಗೇ ತಟ್ಟೆಯ ಅಂಚಿಗೆ ಇಟ್ಟಳು. "ಅಮ್ಮ, ನೀನು ಫಸ್ಟ್ ತಿನ್ನು," ಅಂದಳು.

ನಾನು ತಿಂದೆ. ಅವಳು ನನ್ನ ದವಡೆಯನ್ನೇ ನೋಡುತ್ತ ಕೂತಿದ್ದಳು. ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆ ತಾನೂ ಒಂದು ಚೂರು ಮುರಿದುಕೊಂಡಳು. ಅತ್ತೆ ಅಷ್ಟರಲ್ಲಿ ತಮ್ಮದನ್ನು ಮುಗಿಸಿ, "ಬೆಲ್ಲ ನಮ್ಮದಕ್ಕಿಂತ ಘಮ ಇದೆ" ಅಂದು ಬೆರಳು ನೆಕ್ಕಿಕೊಂಡರು.

ಒಂಬತ್ತೂವರೆಗೆ ಮೊದಲು ನಿದ್ದೆ ಹೋದವರು ಅತ್ತೆ, ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು. ಆಮೇಲೆ ಮಗಳು. ಇವರು ಟೀವಿ ಹಾಕಲಿಲ್ಲ, ನಾನೂ ಹಾಕಲಿಲ್ಲ. ಅತ್ತೆಯ ಎರಡು ಚಪ್ಪಲಿಗಳನ್ನೂ ಬಾಗಿಲಿಂದ ಒಳಗೆ ತಂದು ಮಂಚದ ಕೆಳಗೆ ಜೋಡಿಸಿಟ್ಟು, ಉಳಿದ ಪೊಟ್ಟಣಗಳನ್ನು ಎಣಿಸಿದೆ. ಹದಿನೇಳು ಇದ್ದವು.